ಸುಕನ್ಯಳ ಬೆನ್ನು

ಪಿರಿಯಾಪಟ್ಟಣದ ಹತ್ತಿರದ ಹಾರನಹಳ್ಳಿಯ ಸೋಮಯ್ಯ, ಚಿಕ್ಕಬಸಮ್ಮ ದಂಪತಿಯ ಒಬ್ಬಳೇ ಮಗಳು ಸುಕನ್ಯ. ಮೂರನೇ ಕ್ಲಾಸಿನಲ್ಲಿದ್ದಾಗ ಅವಳು ಹಿಂದಕ್ಕೆ ಬಾಗಿ ತನ್ನ ಹಿಮ್ಮಡಿಯನ್ನೇ ಹಿಡಿದುಕೊಂಡಿದ್ದನ್ನು ಕಂಡ ಪಿ.ಟಿ. ಮೇಷ್ಟ್ರು ಷಣ್ಮುಖಪ್ಪ, ಸೋಮಯ್ಯನ ಹೊಲಕ್ಕೇ ಹೋಗಿ, ಹುಡುಗಿಯನ್ನು ಮೈಸೂರಿನ ಕ್ರೀಡಾ ಹಾಸ್ಟೆಲಿಗೆ ಸೇರಿಸಲು ಒಪ್ಪಿಸಿದರು. ರಿದಮಿಕ್ ಜಿಮ್ನಾಸ್ಟಿಕ್ಸ್ ಎಂದರೇನೆಂದು ಊರಿನಲ್ಲಿ ಯಾರಿಗೂ ತಿಳಿಯದು. ಹಾಡಿಗೆ ತಕ್ಕಂತೆ ಚೆಂಡು, ದೊಡ್ಡ ಬಳೆ, ಉದ್ದನೆಯ ರಿಬ್ಬನ್ನು ಆಡಿಸುತ್ತಾ ಮೈ ಬಳುಕಿಸುವ ಆಟ ಅದು. ಕೇಳಿದವರಿಗೆ ಚಿಕ್ಕಬಸಮ್ಮ, "ರಿಬ್ಬನ್ ಆಟ ಕಣ್ರವ್ವಾ" ಎನ್ನುತ್ತಿದ್ದಳು.

ಹದಿಮೂರಕ್ಕೆ ಸುಕನ್ಯ ರಾಜ್ಯದ ಚಾಂಪಿಯನ್ ಆದಳು. ನಾಲ್ಕು ವರ್ಷ ಆ ಪಟ್ಟ ಬೇರೆಯವರ ಪಾಲಾಗಲಿಲ್ಲ. ಪಿರಿಯಾಪಟ್ಟಣದಲ್ಲಿ ತೆರೆದ ಜೀಪಿನ ಮೇಲೆ ಮೆರವಣಿಗೆಯೂ ಆಯಿತು.

ಹದಿನೇಳು ತುಂಬಿದ ವರ್ಷ ದಸರಾ ರಜೆಯಲ್ಲಿ ಊರಿಗೆ ಬಂದವಳು, ನೀರಿನ ಕೊಡ ಎತ್ತಲು ಬಗ್ಗಿ, ಹಾಗೇ ಹಲ್ಲು ಕಚ್ಚಿ ನಿಂತುಬಿಟ್ಟಳು. ಅವ್ವ ನೋಡಿದಳು.

"ಸೊಂಟಕ್ಕೇನಾಯ್ತು ಮಗಾ?"

"ಏನಿಲ್ಲ ಬುಡವ್ವ, ಉಳುಕ್ಯದೆ ಅಷ್ಟೆಯಾ."

"ನನ್ತಾವ ಸುಳ್ಳಾಡ್ಬೇಡ."

ಸುಕನ್ಯ ಅವ್ವನ ಕೈ ಹಿಡಿದಳು. "ಆರು ತಿಂಗ್ಳಿಂದ ನೋಯ್ತದೆ. ಕೋಚ್‌ಗೆ ಗೊತ್ತಾದ್ರೆ ನ್ಯಾಷನಲ್ಸ್‌ಗೆ ಕರ್ಕೊಂಡೋಗಲ್ಲ. ಇದೊಂದು ಮುಗೀಲಿ, ಆಸ್ಪತ್ರೆಗೆ ತೋರಿಸ್ಕತ್ತೀನಿ. ಅಪ್ಪಂಗೂ ಏಳ್ಬೇಡ, ನನ್ನಾಣೆ ಕಣವ್ವ."

ಚಿಕ್ಕಬಸಮ್ಮ ಎಂಟು ದಿನ ಬಿಸಿ ಹರಳೆಣ್ಣೆ ತಿಕ್ಕಿದಳು, ಉಪ್ಪಿನ ಶಾಖ ಕೊಟ್ಟಳು. ಒಂಬತ್ತನೇ ದಿನ ಬಸ್ಸು ಹತ್ತಿಸಿದಳು. ಯಾರಿಗೂ ಹೇಳಲಿಲ್ಲ.

ನ್ಯಾಷನಲ್ಸ್‌ನಲ್ಲಿ ಮೊದಲ ದಿನ ಬಳೆಯ ಆಟದಲ್ಲಿ ಸುಕನ್ಯಳಿಗೆ ಚಿನ್ನದ ಪದಕ ಬಂತು. ಸೋಮಯ್ಯ ಬೀದಿಗೆಲ್ಲ ಸಕ್ಕರೆ ಹಂಚಿದ. ಮರುದಿನ ರಿಬ್ಬನ್ನಿನ ಸರದಿ. ಅದನ್ನು ಮೇಲಕ್ಕೆಸೆದು ಹಿಂದಕ್ಕೆ ಬಾಗಿದವಳು ಬಿದ್ದಳು. ಹಾಡು ಮುಗಿಯುವವರೆಗೂ ಏಳಲಿಲ್ಲ. ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋದರು.

ಬೆನ್ನಿನ ಎರಡು ಮೂಳೆ ಬಿರುಕು ಬಿಟ್ಟಿದ್ದವು. ಆಪರೇಷನ್ ಮಾಡಿ ರಾಡು ಹಾಕಿದರು. ನಡೆದಾಡಬಹುದು, ಆಟ ಇನ್ನಿಲ್ಲ ಎಂದ ಡಾಕ್ಟರು, "ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ವಾ?" ಎಂದು ಕೇಳಿದರು.

"ಗೊತ್ತಿದ್ರೆ ಕಳಿಸ್ತಿದ್ವಾ ಸ್ವಾಮಿ?" ಎಂದ ಸೋಮಯ್ಯ.

"ನಂಗೊತ್ತಿತ್ತು" ಎಂದಳು ಚಿಕ್ಕಬಸಮ್ಮ.

ಸೋಮಯ್ಯ ಬೈಯಲಿಲ್ಲ. ಎದ್ದು ಹೊರಗೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಆ ಮಾತನ್ನು ಅವನು ಇವತ್ತಿನವರೆಗೂ ಎತ್ತಿಲ್ಲ. ಹೆಂಡತಿಯೊಡನೆ ಬೇರೆ ಮಾತೂ ಕಡಿಮೆಯಾಯಿತು.

ಈಗ ಸುಕನ್ಯಳಿಗೆ ಇಪ್ಪತ್ತಮೂರು. ಪಿರಿಯಾಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅರ್ಧ ಗಂಟೆಗಿಂತ ಹೆಚ್ಚು ಕೂರಲಾರಳು. ಹೋದ ಆಗಸ್ಟಿನ ಒಂದು ಭಾನುವಾರ ತಾಯಿ ಮಗಳು ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುತ್ತಿದ್ದಾಗ, ಚಿಕ್ಕಬಸಮ್ಮ ಇದ್ದಕ್ಕಿದ್ದಂತೆ, "ಅವತ್ತು ನಾನು ಬಾಯ್ಬುಟ್ಟಿದ್ರೆ..." ಎಂದಳು.

"ಬುಟ್ಟಿದ್ರೆ ಜಲ್ಮದಲ್ಲಿ ನಿನ್ನ ಮಕ ನೋಡ್ತಿರ್ಲಿಲ್ಲ ಕಣವ್ವ."

"ನೋಡ್ದಿದ್ರೆ ಏನಾಯ್ತಿತ್ತು ಮಗಾ? ಚೆನ್ನಾಗಿರ್ತಿದ್ದೆಯಲ್ಲ."

ಸುಕನ್ಯ ಇನ್ನೊಂದು ಕಡ್ಡಿ ಎತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಬೆನ್ನು ಹಿಡಿದುಕೊಂಡಿತು. ಎದ್ದು ಅಂಗಳದಲ್ಲಿ ನಿಂತಳು. ಅವಳ ಪಾಲಿನ ಸೊಪ್ಪನ್ನೂ ಚಿಕ್ಕಬಸಮ್ಮ ತನ್ನ ಕಡೆಗೆ ಎಳೆದುಕೊಂಡಳು.