ಸಿಂಧು ಸುಮ್ಮನಿದ್ದ ನಾಲ್ಕು ಗಂಟೆ

ಆಲಿಸ್ ಹಾಲ್ವರ್ಸನ್ ಹುಟ್ಟಿದ್ದು ಅಮೆರಿಕದ ಅಯೋವಾದಲ್ಲಿ, ಮೂವತ್ತು ಹಸುಗಳಿದ್ದ ಮನೆಯಲ್ಲಿ. ಬೆಳಗಿನ ಮಂಜಿನೊಳಗೆ ಕೊಟ್ಟಿಗೆಯ ಕಡೆ ಕರಗಿಹೋಗುವ ತಾಯಿ, ಬಿಸಿಲೇರಿದ ಮೇಲೆ ಹಾಲಿನ ಕ್ಯಾನುಗಳ ನಡುವೆ ಮತ್ತೆ ಮೂಡುತ್ತಿದ್ದಳು. ಜನಗಣತಿಗೆ ಬಂದವನು ಆ ತಾಯಿಯ ಹೆಸರಿನ ಮುಂದೆ ‘ಕೆಲಸವಿಲ್ಲ’ ಎಂದು ಬರೆದುಕೊಂಡು, ಅವಳೇ ಮಾಡಿಕೊಟ್ಟ ಕಾಫಿ ಕುಡಿದು ಹೋದ. ಆ ಮಾತಿನ ಬೆನ್ನು ಹತ್ತಿಯೇ ಆಲಿಸ್ ಅರ್ಥಶಾಸ್ತ್ರ ಓದಿದಳು, ಪ್ರೊಫೆಸರಾದಳು, ಐರ್ಲೆಂಡಿನ ಲಿಮೆರಿಕ್‌ನಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದಳು. ಹೆಂಗಸರ ಕೈಗೆ ದಿನಚರಿ ಪುಸ್ತಕ ಕೊಟ್ಟು, ಹೊತ್ತು ಎಲ್ಲಿಗೆ ಹೋಗುತ್ತದೆಂದು ಕೇಳುವುದೇ ಅವಳ ಸಂಶೋಧನೆ.

ನಿವೃತ್ತಿಯ ವರ್ಷದ ಕೊನೆಯ ಸಮೀಕ್ಷೆ ಊರಂಚಿನ ಬಡಾವಣೆಯ ಕನ್ನಡದ ಹೆಂಗಸರದು. ಅಲ್ಲೊಂದು ಶಿಶುವಿಹಾರ ಬೇಕೋ ಬೇಡವೋ ಎಂಬುದನ್ನು ನಗರದ ಕೌನ್ಸಿಲ್ ಅವಳ ವರದಿ ನೋಡಿ ತೀರ್ಮಾನಿಸುವುದಿತ್ತು. ದಿನಚರಿಗಳನ್ನು ಇಂಗ್ಲಿಷಿಗೆ ತಂದವಳು ಸಹಾಯಕಿ ಕಾತ್ಯಾಯಿನಿ, ಗಂಡನ ವರ್ಕ್ ಪರ್ಮಿಟ್ಟಿನ ಜೊತೆ ಮೈಸೂರಿನಿಂದ ಬಂದವಳು.

ಲೆಕ್ಕ ಕೈಗೆ ಬಂದಾಗ ಆಲಿಸ್ ಅದನ್ನು ಎರಡು ಸಲ ಕೂಡಿ ನೋಡಿದಳು.

“ದಿನಕ್ಕೆ ನಾಲ್ಕು ಗಂಟೆ ವಿರಾಮ! ಇಷ್ಟು ಸುಖವಾಗಿರುವವರನ್ನು ನಾನು ಎಲ್ಲೂ ಕಂಡಿಲ್ಲ. ಇವರಿಗೆ ಶಿಶುವಿಹಾರ ಯಾಕೆ ಅಂತ ಕೌನ್ಸಿಲ್ ಕೇಳುತ್ತೆ.”

“ಅವ್ರೇ ಬರೆದಿದ್ದಾರೆ ಮೇಡಂ, ‘ಸುಮ್ನೆ ಇದ್ದೆ’ ಅಂತ. ನಾನು ವಿರಾಮ ಅಂತ ಹಾಕಿದೆ.”

“ಒಬ್ಬರನ್ನಾದರೂ ಮತ್ತೆ ಕೇಳು.”

ದಿನಚರಿ ಬರೆದವರಲ್ಲಿ ಒಬ್ಬಳಾದ ಗೆಳತಿ ಸಿಂಧುವಿಗೆ ಕಾತ್ಯಾಯಿನಿ ಫೋನ್ ಮಾಡಿದಳು. “ಮಂಗಳವಾರ ಎರಡರಿಂದ ಆರು ಏನ್ ಮಾಡ್ತಿದ್ದೆ?”

“ಏನಿಲ್ಲ ಕಣೇ, ಸುಮ್ನೆ ಇದ್ದೆ.”

“ಸುಮ್ನೆ ಅಂದ್ರೆ? ಮಲ್ಗಿದ್ಯಾ?”

“ಮಲ್ಗೋದಾ! ಪಾಪುನ ಹೆಗಲ್ ಮೇಲ್ ಹಾಕ್ಕೊಂಡು ದೋಸೆಗೆ ರುಬ್ದೆ. ಬಟ್ಟೆ ಹೊರಗ್ ಹಾಕ್ದೆ, ಮಳೆ ಬಂತು. ಒಳಗ್ ತಂದೆ, ಬಿಸ್ಲು ಬಂತು. ದೊಡ್ಡವಳನ್ನ ಸ್ಕೂಲಿಂದ ಕರ್ಕೊಂಡ್ ಬಂದೆ, ಅತ್ತೆಗೆ ಮಾತ್ರೆ ನೆನಪ್ ಮಾಡೋಕೆ ವಿಡಿಯೋ ಕಾಲ್ ಮಾಡ್ದೆ. ಅಷ್ಟೇ. ಯಾಕೆ, ನಿಮ್ ಮೇಡಂಗೆ ಸಾಲ್ದಾ? ಇಲ್ಲಿನೋರ್ ಥರ ‘ಗ್ರ್ಯಾಂಡ್’, ಎಲ್ಲಾ ಚೆನ್ನಾಗಿದೆ ಅಂತ ಬರ್ಕೊಂಡ್ಬಿಡು!”

ಕಾತ್ಯಾಯಿನಿ ಒಂದೊಂದಾಗಿ ಎಲ್ಲವನ್ನೂ ಆಲಿಸ್‌ಗೆ ಹೇಳಿದಳು. ಹೇಳುತ್ತ ಹೇಳುತ್ತ ದನಿ ಇಳಿಯಿತು. “ತಪ್ಪು ನನ್ನದು ಮೇಡಂ. ಅಮ್ಮ ಫೋನ್ ಮಾಡಿದಾಗ ನಾನೂ ‘ಸುಮ್ನೆ ಇದ್ದೀನಿ’ ಅಂತಲೇ ಹೇಳೋದು.”

ಶುಕ್ರವಾರ ಕೊಡಬೇಕಿದ್ದ ವರದಿಯನ್ನು ಆಲಿಸ್ ಕೊಡಲಿಲ್ಲ. ಇನ್ನೊಂದು ತಿಂಗಳ ಸಮಯ ಕೇಳಿಕೊಂಡಳು. ಅಷ್ಟರಲ್ಲಿ ನಿವೃತ್ತಿಯಾಯಿತು, ಕೋಣೆಯ ಬೀಗದ ಕೈ ಹಿಂದಿರುಗಿಸಿದ್ದಾಯಿತು. ಆಮೇಲೂ ಕಾತ್ಯಾಯಿನಿಯ ಜೊತೆ ಒಂದೊಂದೇ ಅಡುಗೆಮನೆಗೆ ಹೋಗಿ ಕೂತಳು. ಸಿಂಧುವಿನ ಮನೆಯಲ್ಲಿ ಪಾಪು ಆಲಿಸ್‌ಳ ಹೆಗಲ ಮೇಲೆ ನಿದ್ದೆಹೋಯಿತು. ಮಿಕ್ಸಿಯ ಸದ್ದು, ಗಾಜಿನ ಮೇಲೆ ಜಾರುವ ಮಳೆ, ಅರ್ಥವಾಗದ ಕನ್ನಡ ಒಂದರೊಳಗೊಂದು ಬೆರೆತು, ತಾನು ಯಾವ ದೇಶದಲ್ಲಿದ್ದೇನೆಂಬುದು ಆಲಿಸ್‌ಗೆ ಕ್ಷಣಕಾಲ ಮಸುಕಾಯಿತು. ಅಲುಗಿದರೆ ಮಗು ಎದ್ದೀತೆಂದು ತೋಳು ಜೋಮು ಹಿಡಿದರೂ ಹಾಗೇ ಕೂತಿದ್ದಳು.

ಹೊಸ ವರದಿಯಲ್ಲಿ ವಿರಾಮ ಮೂವತ್ತೈದು ನಿಮಿಷಕ್ಕೆ ಇಳಿಯಿತು. ಕೌನ್ಸಿಲ್ ಬಡಾವಣೆಯ ಸಭಾಂಗಣವನ್ನು ಶಿಶುವಿಹಾರಕ್ಕೆ ಬಿಟ್ಟುಕೊಟ್ಟಿತು, ವಾರಕ್ಕೆ ಮೂರು ದಿನ, ಬೆಳಿಗ್ಗೆ ಮಾತ್ರ.

“ಮಿಕ್ಕ ದಿನ?” ಎಂದಳು ಆಲಿಸ್. ಅಂದೇ ಕೌನ್ಸಿಲ್‌ಗೆ ಪತ್ರ ಬರೆಯಲು ಕೂತಳು.