ಪರೇಲಿಗೆ ಹೋಗುತ್ತಿದ್ದ ಗಾಡಿ

ಮೊನ್ನೆ ನಮ್ಮ ಬಿಲ್ಡಿಂಗಿನ ಕೆಳಗೆ ಯಾರೋ ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಗಾಡಿಯ ಸಾಮಾನು ಅದ್ದಿ ತೊಳೆಯುತ್ತಿದ್ದರು. ಚಿಮಣಿ ಎಣ್ಣೆಗೆ ಇಂಜಿನ್ನಿನ ಹಳೆಯ ಕರಿ ಎಣ್ಣೆ ಬೆರೆತ ವಾಸನೆ ನಮ್ಮ ಕಿಟಕಿಯವರೆಗೂ ಬಂತು. ತಮ್ಮನ ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಓಡಿ ಬಂದಳು. "ಇರಲಿ ಬಿಡವಾ, ಹಾಕಬ್ಯಾಡ," ಎಂದೆ. ಈ ಮುದುಕಿಗೆ ಏನಾಯಿತಪ್ಪಾ ಎಂದು ಅವಳು ನನ್ನ ಮುಖ ನೋಡಿದಳು. ಏನಂತ ಹೇಳಲಿ... ಆ ವಾಸನೆಯ ಅಂಗಿ ಹಾಕಿಕೊಂಡ ಮನುಷ್ಯರೊಬ್ಬರು ಒಂದು ಕಾಲಕ್ಕೆ ನನ್ನ ಮನೆಯ ಎದುರಿಗೇ ಇದ್ದರು.

ಐವತ್ತರ ದಶಕದ ನಡುವಿನ ಮಾತು. ಗ್ರಾಂಟ್ ರೋಡ್ ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಚಾಳಿನಲ್ಲಿ ನಮ್ಮದು ಒಂದೇ ಖೋಲಿಯ ಸಂಸಾರ. ನಮ್ಮವರು ಫೋರ್ಟಿನ ಒಂದು ಆಫೀಸಿನಲ್ಲಿ ಕ್ಲಾರ್ಕ್. ನಾನು ಧಾರವಾಡದಿಂದ ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಬಾಯಿ ಆಗಲೂ ಜೋರೇ. ಎದುರು ಖೋಲಿಯವರು ಇಂಡಿ ಕಡೆಯವರು, ಐವತ್ತರ ಹತ್ತಿರದ ಒಂಟಿ ಮನುಷ್ಯ, ಕಾಗದದ ವ್ಯಾಪಾರಿಯೊಬ್ಬನ ಪಿಕಪ್ ಗಾಡಿಗೆ ಡ್ರೈವರ್. ಇಡೀ ಚಾಳಿಗೆ ಅವರು ಡ್ರೈವರ್ ಕಾಕಾ. ಆ ಗಾಡಿಯನ್ನು ಅವರ ಸೇಠ ಯುದ್ಧ ಮುಗಿದ ಮೇಲೆ ಮಿಲಿಟರಿಯವರ ಹರಾಜಿನಲ್ಲಿ ಕೊಂಡಿದ್ದ. ಅದು ಓಣಿಗೆ ಬಂದರೆ ಮೇಲೆ ನನ್ನ ಮನೆಯ ಭಾಂಡಿಗಳೆಲ್ಲ ನಡುಗುತ್ತಿದ್ದವು.

"ಕಾಕಾ, ನಿಮ್ಮ ಗಾಡಿ ಬಂತಂದ್ರ ನಮ್ಮ ಮೊಸರು ತಾನಾ ಮಜ್ಜಿಗಿ ಆಗ್ತದ ನೋಡ್ರಿ," ಎಂದು ನಾನು ಕಾಡಿಸುತ್ತಿದ್ದೆ.

"ಬೆಣ್ಣಿ ಬಂದ್ರ ನನಗೂ ಒಂಚೂರು ಇಡವಾ ತಂಗಿ," ಎನ್ನುತ್ತಿದ್ದರು.

ಆ ವರ್ಷ ನಮ್ಮವರಿಗೆ ಬೆನ್ನುನೋವು ಶುರುವಾಯಿತು. ದಿನವಿಡೀ ಕುರ್ಚಿಯಲ್ಲಿ ಕೂತು ಬಂದದ್ದು ಎಂದುಕೊಂಡು ಎಣ್ಣೆ ತಿಕ್ಕಿದೆ, ಶಾಖ ಕೊಟ್ಟೆ, ಆಫೀಸಿನವರನ್ನು ಬೈದೆ. ಕಡೆಗೆ ಪರೇಲಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು, ಬೆನ್ನುಮೂಳೆಗೆ ಕ್ಷಯ ಹತ್ತಿದೆ ಎಂದರು. ಅಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿ, ಅಂದೊಂದು ದಿನ ಮಾತ್ರ ಆಸ್ಪತ್ರೆಯ ಗಾಡಿಯಲ್ಲಿ ಮನೆಗೆ ಕಳಿಸಿದರು. ಹದಿನೈದು ದಿನಕ್ಕೊಮ್ಮೆ ಮಲಗಿಸಿಕೊಂಡೇ ಕರೆತರಬೇಕು, ದಾರಿಯಲ್ಲಿ ಬೆನ್ನು ಅಲುಗಬಾರದು, ಅಲುಗಿದರೆ ಕಾಲು ಹೋದಾವು ಎಂದು ಡಾಕ್ಟರರು ಹೇಳಿದಾಗ ಕಾಕಾ ನನ್ನ ಪಕ್ಕದಲ್ಲೇ ನಿಂತಿದ್ದರು. ಸ್ಟ್ರೆಚರಿನ ಒಂದು ತುದಿ ಹಿಡಿಯಲು ಬಂದಿದ್ದರು ಅವರು.

ಟ್ಯಾಕ್ಸಿಯಲ್ಲಿ ಮನುಷ್ಯನನ್ನು ಉದ್ದಕ್ಕೆ ಮಲಗಿಸಲು ಬರುವುದಿಲ್ಲ. ವಿಕ್ಟೋರಿಯಾ ಕುದುರೆಗಾಡಿಯವನು ರೋಗದ ಹೆಸರು ಕೇಳಿದ್ದೇ ಕುದುರೆ ತಿರುಗಿಸಿದ. ನಾನು ಚಾಳಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ ಕಾಕಾ ಬಂದು, "ಅಳತೀ ಯಾಕ? ನನ್ನ ಗಾಡಿ ಸತ್ತೈತೇನು?" ಎಂದರು. ಬೆಳಿಗ್ಗೆ ಆಸ್ಪತ್ರೆಗೆ ಒಂದು ಫೇರಿ ಹೋಗಿಬರಲು ಸೇಠನನ್ನು ಒಪ್ಪಿಸಿದ್ದರು.

ಮೊದಲ ಸಲದ ಪ್ರಯಾಣವನ್ನು ನಾನು ಇನ್ನೂ ಮರೆತಿಲ್ಲ. ಹಿಂದೆ ಹಲಗೆಯ ಮೇಲೆ ಗಾದಿ ಹಾಸಿ ಇವರನ್ನು ಮಲಗಿಸಿದ್ದೆವು, ಪಕ್ಕದಲ್ಲಿ ನಾನು. ರಸ್ತೆಗೆ ಕಲ್ಲು ಹಾಸಿದ್ದರು, ನಡುವೆ ಟ್ರಾಮಿನ ಹಳಿ. ಗಾಡಿ ಹಳಿ ದಾಟಿದಾಗಲೆಲ್ಲ ದಡ್ಡೆಂದು ಎತ್ತಿ ಹಾಕುತ್ತಿತ್ತು. ಆಗ ಇವರು ಕೂಗುತ್ತಿದ್ದರು. ಆಫೀಸಿನಲ್ಲಿ ಯಾರು ಬೈದರೂ ಎದುರಾಡದ ಮನುಷ್ಯ, ಹಾದಿಬೀದಿಯ ಜನ ತಿರುಗಿ ನೋಡುವ ಹಾಗೆ ಕೂಗುತ್ತಿದ್ದರು. ಬೆನ್ನಿನಿಂದ ಹೊರಟ ನೋವು ಎರಡೂ ಕಾಲಿಗೆ ಬೆಂಕಿ ಸುರಿದಂತೆ ಇಳಿಯುತ್ತದೆ ಎನ್ನುತ್ತಿದ್ದರು. ನಾನು ಅವರ ಹೆಗಲು ಅದುಮಿ ಹಿಡಿಯುತ್ತಿದ್ದೆ. ಹಿಡಿದರೆ ಏನು ಬಂತು? ಗಾಡಿಯೇ ಎಗರುವಾಗ ಮೇಲೆ ಕೂತವಳು ಏನು ಮಾಡಿಯಾಳು? ಕಾಕಾ ಮೂರು ಸಲ ಗಾಡಿ ನಿಲ್ಲಿಸಿ ಹಿಂದೆ ಬಂದು ನೋಡಿದರು.

ಮುಂದಿನ ಭಾನುವಾರ ಅವರು ಮಾಡಿದ ಕೆಲಸಕ್ಕೆ ಚಾಳೆಲ್ಲ ನಕ್ಕಿತು. ಕೆಳಗಿನ ಮಾಳಿಗೆಯ ಟ್ಯಾಕ್ಸಿಯವನಿಗೆ ಗಾಡಿ ನಡೆಸಲು ಕೊಟ್ಟು, ತಾವು ಹಿಂದೆ ಬರಿಯ ಹಲಗೆಯ ಮೇಲೆ, ಇವರು ಮಲಗಿದ್ದ ಜಾಗದಲ್ಲೇ ಅಂಗಾತ ಮಲಗಿದರು. ಹಾಗೆಯೇ ಪರೇಲಿಗೆ ಹೋಗಿ ಹಾಗೆಯೇ ಬಂದರು. ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿ ನಮ್ಮ ಬಾಗಿಲಲ್ಲಿ ನಿಂತು, "ರಾಯರ, ನಿಮ್ಮ ಜಾಗಾದಾಗ ಮಲಕೊಂಡು ಬಂದೆ. ಹಲ್ಲು ಎಷ್ಟ ಅದಾವ ಅಂತ ಎಣಿಸಿಬಿಡ್ತು ಗಾಡಿ," ಎಂದರು. ಹಾಸಿಗೆ ಹಿಡಿದ ಮೇಲೆ ಇವರು ನಕ್ಕದ್ದು ಅಂದೇ ಮೊದಲು.

ಅಲ್ಲಿಂದ ಅವರಿಗೆ ಅದೊಂದೇ ಧ್ಯಾಸ. ಹಿಂದಿನ ಗಾಲಿಗಳ ಮೇಲೆ ಮಲಗಿಸಿದ್ದೇ ತಪ್ಪು, ಹೊಡೆತವೆಲ್ಲ ಅಲ್ಲಿಗೇ ಬರುತ್ತದೆ ಎಂದು ಹಾಸಿಗೆಯನ್ನು ಮುಂದಕ್ಕೆ, ತಮ್ಮ ಸೀಟಿನ ಬೆನ್ನಿಗೆ ತಾಗುವಂತೆ ತಂದರು. ಕಾಗದದ ಭಾರಕ್ಕೆಂದು ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದರಂತೆ, ಅದನ್ನು ಇಳಿಸಿದರು. ಎರಡನೆಯ ಪ್ರಯಾಣದಲ್ಲಿ ಕೂಗು ಕಡಿಮೆಯಾಯಿತು, ನಿಲ್ಲಲಿಲ್ಲ. ಆಸ್ಪತ್ರೆ ಮುಟ್ಟಿದ ಮೇಲೆ ಕಾಕಾ, "ಇವತ್ತ ಒಂಬತ್ತು ಸಲ," ಎಂದರು. ಗೊತ್ತಿರಲಿಲ್ಲ ನನಗೆ, ಇವರ ಕೂಗು ಕೇಳಲೆಂದೇ ತಮ್ಮ ಬೆನ್ನ ಹಿಂದಿನ ಕಿಟಕಿಯ ಗಾಜು ತೆಗೆಸಿದ್ದರು.

ಆಮೇಲೆ ಗಾಡಿಯ ಕೆಳಗೇ ಸಂಸಾರ ಹೂಡಿದರು. ಗಾಲಿಯ ಮೇಲಿನ ಭಾರ ಹೊರಲು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ, ಅದಕ್ಕೆ ಪಾಟಾ ಎನ್ನುತ್ತಿದ್ದರು. ವರ್ಷಾನುಗಟ್ಟಲೆ ಮಳೆನೀರು ಕುಡಿದು ಆ ಪಟ್ಟಿಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಬಿಟ್ಟಿದ್ದವು. "ಇವು ಒಂದರ ಮ್ಯಾಲೆ ಒಂದು ಜಾರಬೇಕವಾ ತಂಗಿ. ಜಾರಲಿಲ್ಲಂದ್ರ ಪಾಟಾ ಅಲ್ಲ, ಬರೇ ಕಬ್ಬಿಣ," ಎಂದು ನನಗೆ ಪಾಠ ಹೇಳಿದರು. ಎಲ್ಲ ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ತೊಳೆದು, ತುಕ್ಕು ಕೆರೆದು, ಕರಿ ಎಣ್ಣೆ ಸವರಿ ಮತ್ತೆ ಕಟ್ಟಿದರು. ಅಂಗಿಗೆ ಹತ್ತಿದ ಆ ವಾಸನೆ ಮತ್ತೆ ಹೋಗಲೇ ಇಲ್ಲ. ಮೂರನೆಯ ಪ್ರಯಾಣದಲ್ಲಿ ಕೂಗು ನಾಲ್ಕಕ್ಕೆ ಇಳಿಯಿತು.

"ಇನ್ನೂ ನಾಕು ಯಾಕ?" ಎಂದು ತಲೆ ಕೆರೆದುಕೊಂಡರು. ಖಾಲಿ ಗಾಡಿ ಎಗರುತ್ತದೆ, ಭಾರ ಇದ್ದರೆ ಕೂತುಕೊಂಡು ಹೋಗುತ್ತದೆ ಎಂದು ಹೊಳೆಯಿತು. ಏಳೆಂಟು ಜನ ಹಿಂದೆ ಕೂತರೆ ಸಾಕು ಎಂದು ಚಾಳಿನ ಬಾಗಿಲು ಬಾಗಿಲಿಗೆ ಹೋಗಿ ಕೇಳಿದರು. ಬಾಯಿಂದ ಅಯ್ಯೋ ಪಾಪ ಎಂದವರು ಬೇಕಾದಷ್ಟು, ಗಾಡಿ ಹತ್ತಲು ಬಂದವರು ಒಬ್ಬರೂ ಇಲ್ಲ. ಕ್ಷಯದವನ ಪಕ್ಕ ಯಾರು ಕೂರುತ್ತಾರೆ? ನನಗೆ ಮೈಯೆಲ್ಲ ಉರಿದು ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವ ಹಾಗೆ ಬೈದೆ. ಕಾಕಾ ಬೈಯಲಿಲ್ಲ. ಚೌಪಾಟಿಗೆ ಹೋಗಿ ಹತ್ತು ಗೋಣಿಚೀಲ ಉಸುಕು ತುಂಬಿ ತಂದು ಹಿಂದೆ ಸಾಲಾಗಿ ಇಟ್ಟರು. "ಇವಕ್ಕ ಯಾವ ರೋಗದ ಅಂಜಿಕಿನೂ ಇಲ್ಲ," ಎಂದರು.

ನಾಲ್ಕನೆಯ ಪ್ರಯಾಣಕ್ಕೆ ಮುಂಚಿನ ವಾರ ಇವರಿಗೆ ಕಾಲಿನಲ್ಲಿ ಇರುವೆ ಹರಿದಂತೆ ಆಗುತ್ತಿತ್ತು. ಎರಡು ದಿನಕ್ಕೆ ಅದೂ ನಿಂತಿತು. ಕಾಲು ಭಾರ ಎನ್ನುತ್ತಿದ್ದರು. ಮಲಗಿ ಮಲಗಿ ಜಡ ಹಿಡಿದಿದೆ ಎಂದುಕೊಂಡೆವು. ಔಷಧ ಹತ್ತಿತು ಎಂದು ನಾನು ದೇವರಿಗೆ ತುಪ್ಪದ ದೀಪವನ್ನೂ ಹಚ್ಚಿದೆ... ಹುಚ್ಚಿ ನಾನು.

ಆ ಬೆಳಿಗ್ಗೆ ಗಾಡಿ ಹೊರಟಿತು. ಮೊದಲ ಹಳಿ ದಾಟಿತು, ಇವರು ಕೂಗಲಿಲ್ಲ. ಎರಡನೆಯದೂ ದಾಟಿತು. ಮುಂದೆ ಟ್ರಾಮಿನ ನಾಲ್ಕು ಹಳಿ ಕೂಡುವ ದೊಡ್ಡ ನಾಕಾ, ಪ್ರತಿ ಸಲ ಇವರ ಪ್ರಾಣ ಬಾಯಿಗೆ ಬರುತ್ತಿದ್ದ ಜಾಗ. ನಾನು ಕಣ್ಣು ಮುಚ್ಚಿ ಹೆಗಲು ಹಿಡಿದೆ. ಗಾಡಿ ಮೆತ್ತಗೆ ಬಾಗಿ ಎದ್ದಿತು, ಅಷ್ಟೆ. ಕಣ್ಣು ತೆಗೆದರೆ ಇವರು ಆಕಾಶ ನೋಡುತ್ತಾ ಮಲಗಿದ್ದರು. "ಇವತ್ತ ಏನೂ ಆಗಲಿಲ್ಲ ನೋಡು," ಎಂದರು. ನಾನು ನಕ್ಕೆ, ಅತ್ತೆ. ಮುಂದಿನ ಕಿಟಕಿಯಲ್ಲಿ ಕಾಕಾನ ಕಿವಿ ಮಾತ್ರ ಕಾಣುತ್ತಿತ್ತು.

ಒಳಗೆ ಡಾಕ್ಟರರು ಇವರ ಅಂಗಾಲಿಗೆ ಸೂಜಿ ಚುಚ್ಚಿ, ಗೊತ್ತಾಗುತ್ತದೆಯೇ ಎಂದು ಕೇಳಿದರು.

"ಏನು?" ಎಂದರು ನಮ್ಮವರು.

ಮೊಣಕಾಲಿಗೆ ಚುಚ್ಚಿದರು, ತೊಡೆಗೆ ಚುಚ್ಚಿದರು. ಅವರು ಡಾಕ್ಟರರ ಮುಖವನ್ನೇ ನೋಡುತ್ತಿದ್ದರು. ಸೊಂಟದ ಕೆಳಗೆ ಏನೂ ಉಳಿದಿರಲಿಲ್ಲ. ನೋವು ಹೋದದ್ದು ಗಾಡಿ ಸುಧಾರಿಸಿದ್ದಕ್ಕಲ್ಲ. ನೋಯುವ ಕಾಲೇ ಹೋಗಿತ್ತು.

ಡಾಕ್ಟರರು ನನ್ನನ್ನು ಹೊರಗೆ ಕರೆದರು. ಗಾಡಿಯ ಹೊಡೆತಕ್ಕೆ ಹೀಗಾಯಿತೇ ಎಂದು ನಾನೇ ಕೇಳಿದೆ. ಇಲ್ಲ ಎಂದರು. ಅಂದೇ ತೆಗೆದ ಎಕ್ಸ್-ರೇ ಎತ್ತಿ ಹಿಡಿದು, ಮೂಳೆ ಜರುಗಿಲ್ಲ, ಒಳಗೆ ಕೀವು ತುಂಬಿ ನರವನ್ನು ಒತ್ತಿದೆ, ಮನೆಯಲ್ಲಿ ಮಲಗಿದ್ದರೂ ಇದು ಆಗುತ್ತಿತ್ತು ಎಂದು ಬಿಡಿಸಿ ಹೇಳಿದರು. ಅಂದು ಹೇಗೋ ಒಂದು ಹಾಸಿಗೆ ಮಾಡಿ ಇವರನ್ನು ಅಲ್ಲೇ ಉಳಿಸಿಕೊಂಡರು.

ನಾನು ಕೆಳಗೆ ಬಂದೆ. ಕಾಕಾ ಗಾಡಿಗೆ ಆತು ನಿಂತಿದ್ದರು. ನನ್ನನ್ನು ಕಂಡದ್ದೇ ಎರಡೂ ಕೈ ಎತ್ತಿ, "ಸೊನ್ನಿ, ತಂಗಿ! ಇವತ್ತ ಸೊನ್ನಿ! ಒಂದ ಸಲನೂ ಕೂಗಲಿಲ್ಲ ರಾಯರು!" ಎಂದರು. ಅಷ್ಟು ಸಂತೋಷ ಆ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ.

"ಕಾಲು ಹೋದವು ಕಾಕಾ," ಎಂದೆ. "ಚುಚ್ಚಿದರೂ ಗೊತ್ತಾಗವಲ್ದು."

ಎತ್ತಿದ ಕೈ ಮೆಲ್ಲಗೆ ಇಳಿದವು. ಆಮೇಲೆ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ನನ್ನ ಗಾಡಿಂದ ಆತೇನವಾ?"

ನಾನು ಉತ್ತರ ಕೊಡಲಿಲ್ಲ. ಡಾಕ್ಟರರು ಇಲ್ಲವೆಂದು ಹೇಳಿ ಕಾಲು ಗಂಟೆಯೂ ಆಗಿರಲಿಲ್ಲ, ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನನ್ನ ಮನೆ ಮುಳುಗಿದ ಹೊತ್ತಿನಲ್ಲಿ ಈ ಮನುಷ್ಯನಿಗೆ ನಾನೇ ಸಮಾಧಾನ ಹೇಳಬೇಕೇ ಎಂದು ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಯಾರಾದರೂ ಒಬ್ಬರು ತಪ್ಪು ಮಾಡಿದವರು ನನಗೆ ಬೇಕಾಗಿದ್ದರು. ರೋಗವನ್ನು ಬೈದರೆ ಅದು ಕೇಳುತ್ತದೆಯೇ? ಸುಮ್ಮನೆ ಗಾಡಿ ಹತ್ತಿ ಮುಂದೆ ಕೂತೆ.

ವಾಪಸು ಬರುವಾಗ ಹಿಂದೆ ಉಸುಕಿನ ಚೀಲ ಬಿಟ್ಟರೆ ಏನೂ ಇರಲಿಲ್ಲ. ಆದರೂ ಕಾಕಾ ಪ್ರತಿ ಹಳಿಯ ಮುಂದೆ ಗಾಡಿ ನಿಲ್ಲಿಸುವಷ್ಟು ನಿಧಾನ ಮಾಡಿ ದಾಟಿಸಿದರು. ಗಾಡಿ ನಿಜಕ್ಕೂ ಸುಧಾರಿಸಿತ್ತು, ಹೊಟ್ಟೆಯ ನೀರೂ ಅಲುಗಲಿಲ್ಲ. ಅದನ್ನೂ ನಾನು ಹೇಳಲಿಲ್ಲ.

ಇವರು ಮನೆಗೆ ಮರಳಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಕಾಕಾ ಗಾಡಿ ನಡೆಸುವುದನ್ನೇ ಬಿಟ್ಟರು; ಸೇಠನ ಗೋದಾಮಿನಲ್ಲಿ ಕಾಗದದ ಗಂಟು ಹೊರುತ್ತಾರೆ ಎಂದು ಯಾರೋ ಹೇಳಿದರು. ಚಾಳಿನಲ್ಲಿ ಎದುರು ಸಿಕ್ಕರೆ ಗೋಡೆಗೆ ಸರಿದು ನನಗೆ ದಾರಿ ಬಿಡುತ್ತಿದ್ದರು. ಒಂದು ದಿನ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತು, "ಊರಿಗೆ ಹೊಂಟೀನವಾ ತಂಗಿ," ಎಂದರು. ಹೋಗದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು... ಯಾತಕ್ಕೆ ನಿಂತಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಒಂದಿಷ್ಟು ಅವಲಕ್ಕಿ ಕಟ್ಟಿಕೊಟ್ಟು, "ಹುಷಾರ್ರಿ ಕಾಕಾ," ಎಂದೆ.

ಈಗ ಅವರು ಇರಲಿಕ್ಕಿಲ್ಲ. ಊರಿನ ಹೆಸರನ್ನೂ ಕೇಳಿಟ್ಟುಕೊಂಡಿರಲಿಲ್ಲ ನಾನು, ಇಂಡಿ ಕಡೆ ಎಂದಷ್ಟೇ ಗೊತ್ತು. ಈ ಊರಿನಲ್ಲಿ ಆಗಿನ ಟ್ರಾಮೂ ಇಲ್ಲ, ಹಳಿಯೂ ಇಲ್ಲ, ಆ ಚಾಳೂ ಇಲ್ಲ. ನಮ್ಮವರು ಹೋದದ್ದಕ್ಕೆ ಅತ್ತೂ ಅತ್ತೂ ಎಂದೋ ಸಮಾಧಾನ ಮಾಡಿಕೊಂಡೆ; ಅದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಆ ಮನುಷ್ಯ ಸಾಯುವ ತನಕ, ತನ್ನ ಗಾಡಿಯೇ ಒಬ್ಬನ ಕಾಲು ತೆಗೆಯಿತು ಎಂದು ತಿಳಿದೇ ಬದುಕಿರಬೇಕು. ಅದು ನನ್ನ ಕೈಯಲ್ಲಿತ್ತು. ಇಲ್ಲ ಕಾಕಾ ಅನ್ನಬೇಕಿತ್ತು, ಅನ್ನಲಿಲ್ಲ.