ಕೊಯ್ಯದೆ ಬಿಟ್ಟ ಸಬ್ಬಸಿಗೆ

ಬುಟ್ಟಿಯ ಅಂಚಿನಿಂದ ಇಳಿಬಿದ್ದ ಸಬ್ಬಸಿಗೆಯ ಎಳೆಗಳು ಕಣ್ಣಿಗೆ ತಾಗಿದರೂ ಸೊಪ್ಪು ಮಾರುವ ಆಯಿ ಕೈಯೆತ್ತಿ ಸರಿಸುತ್ತಿರಲಿಲ್ಲ. ಅಷ್ಟೂ ಪುರುಸೊತ್ತಿಲ್ಲದ ಹೆಂಗಸು. ತನ್ನೂರು ಮುಗದದಿಂದ ಬೆಳಗಿನ ರೈಲಿಗೆ ಸೊಪ್ಪು-ತಪ್ಪಲು ಹೊತ್ತು ಧಾರವಾಡಕ್ಕೆ ಬರುವುದು, ಓಣಿ ಓಣಿ ತಿರುಗುವುದು, ಮಧ್ಯಾಹ್ನದ ರೈಲಿಗೆ ಓಡುವುದು. "ಒಂದ ಗಳಿಗಿ ಕೂಡು ಆಯಿ, ಚಹಾ ಕುಡಿ" ಎಂದರೆ, "ಕುಂತರ ತಪ್ಪಲಾ ಬಾಡತೈತಿ, ನಾನೂ ಬಾಡತೇನಿ" ಎಂದು ಮುಂದಿನ ಗೇಟಿನಲ್ಲಿರುತ್ತಿದ್ದಳು. ಆ ಅವಸರ ನೋಡಿದರೆ ನನಗೆ ಸಿಟ್ಟೇ ಬರುತ್ತಿತ್ತು.

ನಾನು ಬಸುರಿ ಎಂದು ಗೊತ್ತಾದದ್ದೇ ತಡ, ಹೊಲದಲ್ಲಿ ಒಂದು ಸಾಲು ಸಬ್ಬಸಿಗೆಯನ್ನು ನನಗಾಗಿ ಕೊಯ್ಯದೆ ಬಿಟ್ಟಳು. ಎಳೆಯದನ್ನು ಕೊಯ್ದರೆ ಪಲ್ಯ. ಬಿಟ್ಟರೆ ಎತ್ತರಕ್ಕೆ ಬೆಳೆದು, ಹಳದಿ ಹೂಬಿಟ್ಟು, ಬೀಜ ಕಟ್ಟುತ್ತದೆ. ಆ ಬೀಜ ಹುರಿದು ಊಟದ ಮೇಲೆ ಜಗಿದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂದು ನಮ್ಮ ಕಡೆಯ ನಂಬಿಕೆ. "ನನ್ನ ಎದಿಮಟಾ ಬಂದೈತಿ ನೋಡವಾ" ಎಂದು ವಾರಕ್ಕೊಮ್ಮೆ ವರದಿ ಬೇರೆ.

ಕೂಸು ಎರಡೇ ದಿನ ಬದುಕಿತು.

ಅದು ತಿಳಿಯದೆ ಆಯಿ ಬೀಜದ ಗಂಟು ಹಿಡಿದು ಗೇಟಿನಿಂದಲೇ ಒದರಿದಳು: "ಕೂಸು ಎದಿ ಕುಡಿಯಾಕತ್ತೈತೇನವಾ?" ನನ್ನ ಅವ್ವ ಹೊರಗೆ ಹೋಗಿ ಹೇಳಿದಳು. ಆಯಿ ಒಳಗೆ ಬಂದು ನನ್ನ ಹಾಸಿಗೆಯ ಪಕ್ಕ ಕೂತಳು. ಬಂದವರೆಲ್ಲ ದೇವರ ಇಚ್ಛೆ ಎಂದು ಹೇಳಿ ಹೋಗಿದ್ದರು. ಆಕೆ ಕೇಳಿದ್ದು ಒಂದೇ: "ಎದಿ ಕಟ್ಟೇತೇನ ತಂಗಿ?" ಹೌದು, ಕುಡಿಯುವವರಿಲ್ಲದೆ ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಆಕೆ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಹಾಲು ಇಂಗಲೆಂದು ಮಲ್ಲಿಗೆ ತಂದು ಎದೆಗೆ ಕಟ್ಟಿದಳು. ಆ ದಿನ ಆಕೆಗೆ ರೈಲು ತಪ್ಪಿತು.

ಅಂದಿನಿಂದ ಆಕೆ ನಮ್ಮ ಓಣಿಯಲ್ಲಿ ಸಬ್ಬಸಿಗೆಯ ಹೆಸರನ್ನೇ ಕೂಗಲಿಲ್ಲ. ಕಟ್ಟುಗಳನ್ನು ಮೆಂತ್ಯದ ಕೆಳಗೆ ಅಡಗಿಸುತ್ತಿದ್ದಳು. ವಾಸನೆ ಅಡಗೀತೇ? ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂಡಲಾಗದೆ ಕಿಟಕಿಗೂ ಬಾಗಿಲಿಗೂ ಅಲೆಯುತ್ತಿದ್ದ ನನಗೆ ಆಕೆ ಬಂದದ್ದು ಮೂಗಿಗೇ ತಿಳಿಯುತ್ತಿತ್ತು. ಒಂದು ದಿನ ತಾಳಲಾಗದೆ ಗೇಟಿಗೆ ಹೋಗಿ ರೇಗಿದೆ.

"ಮುಚ್ಚಬ್ಯಾಡ ಆಯಿ! ಎಲ್ಲಾರೂ ಮುಚ್ಚಾಕತ್ತಾರ. ನನಗ ಕೂಸ ಹುಟ್ಟೇ ಇಲ್ಲ ಅನ್ನೂಹಂಗ ಮಾಡಾಕತ್ತಾರ."

ಆಕೆ ಬುಟ್ಟಿ ಇಳಿಸಿದಳು. "ಹೆಸರ ಏನ ಇಡಬೇಕಂತ ಮಾಡಿದ್ದಿ?"

ತೊಟ್ಟಿಲಿಗೆ ಹಾಕುವ ದಿನ ಹೇಳೋಣವೆಂದು ಆ ಹೆಸರನ್ನು ಗಂಡನಿಗೂ ಹೇಳಿರಲಿಲ್ಲ. ಆಯಿಯ ಕಿವಿಯಲ್ಲಿ ಹೇಳಿದೆ. ಆಮೇಲೆ ಎಷ್ಟೋ ವರ್ಷ, ಆ ಅವಸರದಲ್ಲೂ ಆಗಾಗ ಗೇಟಿನಲ್ಲಿ ನಿಂತು, ನನಗಷ್ಟೇ ಕೇಳುವಂತೆ ನನ್ನ ಮಗಳನ್ನು ಹೆಸರು ಹಿಡಿದು ನೆನೆಯುತ್ತಿದ್ದಳು: "ಇದ್ದಿದ್ದರ ಈಗ ಸಾಲಿಗೆ ಹೋಗತಿದ್ಲು."

ಹೋದ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ಸುದ್ದಿ ಕೇಳಿದಾಗ, ಇನ್ನು ಆ ಹೆಸರು ನನ್ನೊಬ್ಬಳಲ್ಲೇ ಉಳಿಯಿತಲ್ಲ ಎಂದು ದಿಗಿಲಾಯಿತು. ಗಂಡನನ್ನು ಎದುರಿಗೆ ಕೂಡಿಸಿಕೊಂಡು ಹೇಳಿಬಿಟ್ಟೆ. ಅವರು ಅದನ್ನು ಒಮ್ಮೆ ಹೇಳಿದರು. ಇನ್ನೊಮ್ಮೆ, ಗಟ್ಟಿಯಾಗಿ ಕರೆದರು.